ಹಳೆಯ ಬ್ರೌಸರನ್ನು ಬಿಡತಕ್ಕ ವಿಚಾರ

ಗ್ರಾಮದ ಮುಖಂಡರಲ್ಲಿಯೂ ಹಿಡುವಳಿದಾರ ಮಹಾಶಯರಲ್ಲಿಯೂ ವಿಜ್ಞಾಪನೆ.

ಪಹಣಿಯ ನಕಲು, ಬೆಳೆ ವಿಮೆ, ಸಹಾಯಧನದ ಅರ್ಜಿ ಮುಂತಾದ ವ್ಯವಹಾರಗಳು ಪ್ರಕೃತ ಅಂತರ್ಜಾಲದ ಮೂಲಕ ನಡೆಯುತ್ತಿರುವುದು ತಮಗೆ ತಿಳಿದೇ ಇದೆ. ಜಾಲತಾಣಗಳನ್ನು ತೆರೆದು ತೋರಿಸತಕ್ಕ ಸಾಧನಕ್ಕೆ ಬ್ರೌಸರೆಂದು ಹೆಸರು. ನೇಗಿಲಿನ ಗುಳವು ಸವೆದರೆ ಬದಲಾಯಿಸುವ ನಾವು, ಈ ಸಾಧನವು ಹಳತಾದುದನ್ನು ಮಾತ್ರ ಗಮನಿಸುವುದಿಲ್ಲ.

ಈ ಉದಾಸೀನದ ಫಲವನ್ನು ಸರ್ಕೀಟಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹಿಡುವಳಿದಾರರೊಬ್ಬರು ವಿಮೆಯ ಕಡೆಯ ದಿನ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತರೂ ಪುಟವು ತೆರೆಯಲಿಲ್ಲ. ಸರ್ಕಾರದ ಯಂತ್ರವೇ ಕೆಟ್ಟಿರಬೇಕೆಂದು ಎದ್ದುಹೋದರು. ವಾಯಿದೆ ಮೀರಿತು, ಆ ವರ್ಷ ಮಳೆಯೂ ಕೈಕೊಟ್ಟಿತು. ಮಗನ ಮೊಬೈಲಿನಲ್ಲಿ ಅದೇ ಪುಟವು ಒಡನೆಯೇ ತೆರೆಯಿತೆಂಬುದು ಆಮೇಲೆ ತಿಳಿಯಿತು.

ಇದಕ್ಕೆ ಕಾರಣವುಂಟು. ಬ್ರೌಸರೂ ಜಾಲತಾಣವೂ ಪರರಿಗೆ ತಿಳಿಯದಂತೆ ಒಂದು ಸಂಕೇತ ಪದ್ಧತಿಯಿಂದ ಮಾತನಾಡುತ್ತವೆ. ೧೯೯೯ ಮತ್ತು ೨೦೦೬ರಲ್ಲಿ ಗೊತ್ತುಮಾಡಿದ ಟಿ.ಎಲ್.ಎಸ್. ೧.೦ ಮತ್ತು ೧.೧ ಎಂಬ ಪದ್ಧತಿಗಳು ದುರ್ಬಲವೆಂದು ೨೦೨೧ರಲ್ಲಿ ಕೈಬಿಡಲ್ಪಟ್ಟವು. ಹೊಸ ಪದ್ಧತಿಯನ್ನರಿಯದ ಬ್ರೌಸರಿಗೆ ಅನೇಕ ಜಾಲತಾಣಗಳು ಬಾಗಿಲು ತೆರೆಯುವುದಿಲ್ಲ.

ಪುಟ ತೆರೆಯದಿರುವುದಕ್ಕಿಂತಲೂ ಮಿಗಿಲಾದ ಅಪಾಯ ಮತ್ತೊಂದಿದೆ. ಇಂಡಾಫ್-೫ ರಾಗಿಯು ಬೆಂಕಿ ರೋಗಕ್ಕೆ ತುತ್ತಾಗುವುದನ್ನು ಕಂಡು ನಾವು ರೋಗ ತಡೆಯುವ ಜಿ.ಪಿ.ಯು.-೨೮ನ್ನು ಬಿತ್ತಲಿಲ್ಲವೇ? ಬ್ರೌಸರಿನ ರೀತಿಯೂ ಹೀಗೆಯೇ. ದೋಷ ಕಂಡಾಗಲೆಲ್ಲಾ ತಯಾರಕರು ಅದನ್ನು ಸರಿಪಡಿಸಿ ಹೊಸ ಆವೃತ್ತಿಯನ್ನು ಕೊಡುತ್ತಾರೆ. ಹಳೆಯದರಲ್ಲಿ ಆ ಬಿರುಕು ಉಳಿದೇ ಇರುತ್ತದೆ. ಕಳ್ಳರಿಗೆ ಅದರ ಗುರುತೂ ಇರುತ್ತದೆ. ಬ್ಯಾಂಕಿನ ಗುಪ್ತಪದವನ್ನು ಅಂಥ ಸಾಧನಕ್ಕೆ ಒಪ್ಪಿಸುವುದು ಬೀಗವಿಲ್ಲದ ಕಣಜದಲ್ಲಿ ಧಾನ್ಯವನ್ನಿಟ್ಟಂತೆ.

"ಇದುವರೆಗೆ ನಡೆದಿದೆ, ಇನ್ನು ಮುಂದೆಯೂ ನಡೆದೀತು" ಎಂಬ ಮಾತು ಸಲ್ಲದು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ೨೦೨೨ನೆಯ ಜೂನ್ ೧೫ರಂದು ಅದರ ತಯಾರಕರೇ ವಿರಾಮ ಹೇಳಿದರು. ವಿಂಡೋಸ್ ೭ ಇರುವ ಕಂಪ್ಯೂಟರುಗಳಿಗೆ ೨೦೨೩ನೆಯ ಫೆಬ್ರವರಿಯಿಂದ ಕ್ರೋಮಿನ ಹೊಸ ಆವೃತ್ತಿ ದೊರೆಯುವುದಿಲ್ಲ. ಅಂಥವರು ಹಣಕಾಸಿನ ಕೆಲಸಕ್ಕೆ ಬೇರೆ ಸಾಧನವನ್ನೇ ಬಳಸತಕ್ಕದ್ದು.

ಉಳಿದವರಿಗೆ ಇದರಿಂದ ಕಾಸಿನ ಖರ್ಚೂ ಇಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ಪ್ಲೇ ಸ್ಟೋರನ್ನು ತೆರೆದು ಬ್ರೌಸರಿನ ಹೆಸರನ್ನು ಹುಡುಕಿ 'ಅಪ್‌ಡೇಟ್' ಎಂಬುದನ್ನು ಒತ್ತಿದರೆ ಸಾಕು. ಆದರೆ ಯಾವುದೋ ಪುಟದ ನಡುವೆ "ನಿಮ್ಮ ಬ್ರೌಸರ್ ಹಳತಾಗಿದೆ, ಇಲ್ಲಿ ಒತ್ತಿರಿ" ಎಂದು ಕಾಣಿಸಿಕೊಂಡರೆ ನಂಬಕೂಡದು. ವಂಚಕರೂ ಇದೇ ಮಾತನ್ನು ಬಳಸುತ್ತಾರೆ.

ಮುಂಗಾರಿಗೆ ಮೊದಲು ಬೀಜವನ್ನು ಪರೀಕ್ಷಿಸುವಂತೆ ಇದನ್ನೂ ಪರೀಕ್ಷಿಸತಕ್ಕದ್ದು. ಮುಖಂಡರು ಮೊದಲು ತಮ್ಮ ಮನೆಯಲ್ಲಿ ಇದನ್ನು ನೆರವೇರಿಸಿ, ನೆರೆಹೊರೆಯ ಸಣ್ಣ ರೈತರಿಗೂ ತೋರಿಸಿಕೊಟ್ಟರೆ ಗ್ರಾಮಕ್ಕೆ ದೊಡ್ಡ ಉಪಕಾರವಾಗುವುದೆಂದು ನನ್ನ ದೃಢವಾದ ಅಭಿಪ್ರಾಯ.