ಅಪ್ಪನಿಗೆ ಜೈಲು, ಮಗನಿಗೆ ಬಡ್ಡಿ



ಕನಕಪುರ ರಸ್ತೆಯ ಹಳ್ಳಿಗಳಿಂದ ಬಂದು ಬನಶಂಕರಿಯಲ್ಲಿ ಬಸ್ಸಿಳಿಯುವ ಜನರನ್ನು ನೋಡಿದ್ದೀರಿ. ಸೊಪ್ಪಿನ ಮೂಟೆ, ಆಸ್ಪತ್ರೆ ಚೀಟಿ, ಕೋರ್ಟಿನ ಕಾಗದ. ಅದೇ ಗುಂಪಿನಲ್ಲಿ ಮಗನ ಕೈ ಹಿಡಿದ ಹೆಣ್ಣುಮಗಳೊಬ್ಬಳು ಇರ್ತಾಳೆ. ಅವಳು ಹೊರಟಿರುವುದು ಜಯನಗರದ ಅಂಗಡಿಗಲ್ಲ. ರಿಂಗ್ ರೋಡಿನ ಬಸ್ಸು ಹತ್ತಿ, ಬಿ.ಟಿ.ಎಂ. ಲೇಔಟ್ ದಾಟಿ, ಸಿಲ್ಕ್ ಬೋರ್ಡಿನಲ್ಲಿ ಇಳಿದು, ಮತ್ತೊಂದು ಬಸ್ಸಿನಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ. (ಬಿ.ಟಿ.ಎಂ. ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಸೇರಿ ಮೂರು ಅಕ್ಷರ ಆಗಿಹೋದವು. ಇರಲಿ.)

ಇಂಥ ಒಬ್ಬ ತಾಯಿಯ ಜತೆ ನಾನೂ ಹೋಗಿದ್ದೆ. ಗಂಡ ಬದುವಿನ ಜಗಳದಲ್ಲಿ ಒಳಗೆ ಹೋದವನು, ವಿಚಾರಣೆ ಇನ್ನೂ ಮುಗಿದಿಲ್ಲ. ತಾಯಿಗೆ ಒಂದು ದಿನದ ಕೂಲಿ ಹೋಯಿತು, ಹುಡುಗನಿಗೆ ಒಂದು ದಿನದ ಪಾಠ ಹೋಯಿತು. ಬಸ್ಸಿನಲ್ಲಿ ಹುಡುಗ ಕೇಳಿದ: "ದೊಡ್ಡಪ್ಪ, ನಾಳೆ ಮೇಷ್ಟ್ರಿಗೆ ಏನಂತ ಹೇಳ್ಲಿ?" ಜ್ವರ ಬಂದಿತ್ತು ಅನ್ನು ಮಗ, ಅಂದೆ. ವೇದಿಕೆ ಮೇಲೆ ಅಷ್ಟು ವರ್ಷ ಭಾಷಣ ಮಾಡಿದವನು ಆ ಮಗುವಿಗೆ ಕಲಿಸಿದ್ದು ಸುಳ್ಳು.

ಈ ಪತ್ರಿಕೆಯಲ್ಲಿ ಜೈಲಿನ ಮಾತು ಯಾಕೆ ಅಂತೀರಾ? ಸಾಲದ ಮಾತೇ ಇದು. ಪಹಣಿ ಗಂಡನ ಹೆಸರಲ್ಲಿ, ಸಹಕಾರ ಸಂಘದ ಬೆಳೆಸಾಲವೂ ಗಂಡನ ಹೆಸರಲ್ಲಿ. 2023ರಲ್ಲಿ ಶೂನ್ಯ ಬಡ್ಡಿಯ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆವು ಅಂತ ಸರ್ಕಾರ ಡಂಗುರ ಹೊಡೆಯಿತು. ಆದರೆ ಅದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ! ಕಂಬಿ ಹಿಂದೆ ಕೂತವನು ಬಂದು ಕಟ್ಟುವುದು ಯಾವಾಗ, ನವೀಕರಣಕ್ಕೆ ರುಜು ಹಾಕುವುದು ಯಾವಾಗ? ಗಡುವು ತಪ್ಪಿತು, ಬಡ್ಡಿ ಬೆಳೆಯಿತು, ಹೊಸ ಸಾಲ ನಿಂತಿತು. ಬಿತ್ತನೆಗೆ ಕೈಸಾಲ, ವಕೀಲರಿಗೆ ಕೈಸಾಲ. ನೋಟೀಸು ಬಂದಾಗ ತಾಯಿಗೆ ಅದನ್ನು ಓದಿ ಹೇಳಿದವನು ಏಳನೇ ತರಗತಿಯ ಆ ಹುಡುಗ.

"ತಪ್ಪು ಮಾಡಿದವನು ಅನುಭವಿಸಲಿ" ಅನ್ನುವವರು ನಮ್ಮಲ್ಲೇ ಇದ್ದಾರೆ. ಅನುಭವಿಸಲಿ ಸ್ವಾಮಿ, ಯಾರು ಬೇಡ ಅಂದರು? ಏಟು ತಿಂದವನ ಮನೆಯ ಮಕ್ಕಳನ್ನೂ ನೋಡಬೇಕು, ಅದೂ ಸರಿ. ಆದರೆ ಈ ಹುಡುಗ ಯಾರಿಗೆ ಹೊಡೆದ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಪ್ಪನ ತಪ್ಪು ಸಾಬೀತಾಗುವ ಮೊದಲೇ ಮಗನಿಗೆ ಶಿಕ್ಷೆ ಶುರು.

ತಾಯಿಯ ಜತೆ ಜೈಲಿನೊಳಗೆ ಇರುವ ಮಕ್ಕಳ ಬಗ್ಗೆ 2006ರಲ್ಲಿ ಸುಪ್ರೀಂ ಕೋರ್ಟು, ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ, ಆದೇಶ ಕೊಟ್ಟಿತು. ಆರು ವರ್ಷದವರೆಗೆ ತಾಯಿಯ ಬಳಿ ಇರಬಹುದು, ಊಟ, ಔಷಧಿ, ಪಾಠ ಕೊಡಬೇಕು, ಅವರನ್ನು ಕೈದಿಗಳಂತೆ ಕಾಣಬಾರದು ಎಂದು. ಒಳ್ಳೆಯದೇ. ಆ ಮಕ್ಕಳನ್ನು ಸರ್ಕಾರ ಪ್ರತಿ ವರ್ಷ ಎಣಿಸುತ್ತದೆ. ಹೊರಗೆ ಹಳ್ಳಿಯಲ್ಲಿ ಉಳಿದ ಮಕ್ಕಳ ಲೆಕ್ಕ ಜೈಲಿನ ಆ ವಾರ್ಷಿಕ ವರದಿಯಲ್ಲಿ ಇಲ್ಲ. ಎಣಿಸದ ದನಕ್ಕೆ ಹುಲ್ಲು ಹಾಕುವವರು ಯಾರು?

ಬೆಂಗಳೂರಿನಲ್ಲಿ ಸೋಕೇರ್ ಇಂಡ್ ಎಂಬ ಸಂಸ್ಥೆ ಕೈದಿಗಳ ಮಕ್ಕಳನ್ನು ಇಟ್ಟುಕೊಂಡು ಓದಿಸುತ್ತ ಬಂದಿದೆ. ಅದನ್ನು 1999ರಲ್ಲಿ ಕಟ್ಟಿದವರು ರಿಸರ್ವ್ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಬ್ಯಾಂಕಿನವರನ್ನು ಬೈದೇ ಬೆಳೆದ ನಾವು ಇದನ್ನು ಕೇಳಿ ಸ್ವಲ್ಪ ತಲೆ ತಗ್ಗಿಸೋಣ. 1980ರಲ್ಲಿ ನರಗುಂದ, ನವಲಗುಂದದ ಹೋರಾಟದಿಂದ ಹುಟ್ಟಿದ್ದು ನಮ್ಮ ಚಳವಳಿ. ಧರಣಿಯಲ್ಲಿ ಜೈಲಿಗೆ ಹೋದವನಿಗೆ ಹಾರ ಹಾಕಿ ಮೆರವಣಿಗೆ ಮಾಡ್ತೀವಿ. ಬೇರೆ ಕೇಸಿನಲ್ಲಿ ಹೋದವನ ಮನೆ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸ್ತೀವಿ.

ಸರ್ಕಾರದ ಮುಂದೆ ಇಡುವ ಬೇಡಿಕೆ ಇದು: ಯಜಮಾನ ಒಳಗಿರುವಷ್ಟು ದಿನ ಆ ಮನೆಯ ಮೇಲೆ ಸಾಲ ವಸೂಲಿ ನಿಲ್ಲಲಿ, ಹೆಂಡತಿಯ ರುಜುವಿಗೆ ಬೆಳೆಸಾಲ ನವೀಕರಣವಾಗಲಿ, ಶೂನ್ಯ ಬಡ್ಡಿ ತಪ್ಪದಿರಲಿ. ಕೈದಿಗಳ ಮಕ್ಕಳ ಪೋಷಣೆ, ಓದಿಗೆ ಅಂತಲೇ ದೆಹಲಿ ಸರ್ಕಾರ 2014ರಲ್ಲಿ ಯೋಜನೆ ಮಾಡಿತು. ಇಲ್ಲೂ ಅಂಥ ಮಕ್ಕಳಿಗೆ ತಿಂಗಳ ಹಣ ಹಕ್ಕಾಗಿ ಬರಲಿ.

ವಿಧಾನಸೌಧ ಏಳುವವರೆಗೆ ಕಾಯಬೇಕಿಲ್ಲ. ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮೂರಲ್ಲಿ ಇಂಥ ಮನೆ ಎಷ್ಟು, ಮಕ್ಕಳು ಎಷ್ಟು, ಯಾವ ತರಗತಿ, ಯಾವ ಸಂಘದಲ್ಲಿ ಎಷ್ಟು ಸಾಲ ಅಂತ ಬರೆದು ತನ್ನಿ. ಮಕ್ಕಳ ಹೆಸರನ್ನು ಮಾತ್ರ ಸಭೆಯಲ್ಲಿ ಓದಬೇಡಿ.