ಬೆರಳಿಗಷ್ಟೇ ದಕ್ಕುವ ಏಕಾಂತ

ಮೊಬೈಲಿನಲ್ಲಿ ಸಂದೇಶ ಕಳಿಸಿದರೆ ಖಿನ್ನತೆ ಗುಣವಾದೀತೇ ಎಂದು ನಗುವವರಿಗೆ ನಮ್ಮದೊಂದು ಪ್ರಶ್ನೆ: ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ ಇಪ್ಪತ್ತರ ಹುಡುಗ ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳುವುದೆಲ್ಲಿ? 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡವೂ ಉಂಟು. ಆದರೆ ಕರೆ ಮಾಡಲು ದನಿಯೆತ್ತಬೇಕು, ಗೋಡೆಗಳಿಗೋ ಕಿವಿಯಿದೆ.

ಹಾಗೆಂದು ಯಂತ್ರದ ಸಾಂತ್ವನವನ್ನು ನಾವು ಚಿಕಿತ್ಸೆಯೆನ್ನಲಾರೆವು. ವೋಬಾಟ್ ಎಂಬ ಸಂವಾದಯಂತ್ರದ 2017ರ ಅಮೆರಿಕದ ಪ್ರಯೋಗದಲ್ಲಿ ಪಾಲ್ಗೊಂಡವರು 70 ಯುವಜನರು. ಅವಧಿ ಎರಡೇ ವಾರ. ಖಿನ್ನತೆಯ ಲಕ್ಷಣಗಳು ತಗ್ಗಿದವು, ನಿಜ. ಆಮೇಲಿನ ರಾತ್ರಿಗಳ ಹೊಣೆ ಯಾರದು?

ಅತ್ತ ತುದಿಯಲ್ಲಿ ತರಬೇತಿ ಪಡೆದ ಮನುಷ್ಯರಿರಲಿ, ಅಪಾಯ ಕಂಡೊಡನೆ ವೈದ್ಯರನ್ನು ತಲುಪಿಸುವ ದಾರಿಯಿರಲಿ. ‘ಡಿಪ್ರೆಶನ್’ ಎನ್ನಲರಿಯದ ನಮ್ಮ ಮಕ್ಕಳು ‘ಯಾಕೋ ಬೇಜಾರು’ ಎಂದಷ್ಟೇ ಬರೆದಾರು. ಆ ಎರಡು ಪದಗಳ ಭಾರ ಬಲ್ಲವರೇ ಉತ್ತರಿಸಬೇಕು.