ಒತ್ತಕ್ಷರಕ್ಕೆ ಜಾಗ ಬಿಡಿ

ಅನುವಾದ ಕಳಿಸಿದ ಮೇಲೆ ಪುಟ ಹೇಗೆ ಕಾಣುತ್ತದೆ ಎಂಬುದು ಅನುವಾದಕರಿಗೆ ಸಂಬಂಧಿಸಿದ್ದಲ್ಲ ಎಂದು ಕೆಲಸ ಕೊಡುವವರು ನಂಬಿದ್ದಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ.

ಕಳೆದ ವರ್ಷ ನಾನು ಅನುವಾದಿಸಿದ ಔಷಧದ ಮಾಹಿತಿ ಚೀಟಿಯೊಂದು ನಾಲ್ಕು ಭಾಷೆಗಳಲ್ಲಿ ಅಚ್ಚಾಗಿ ಬಂತು. ಮರಾಠಿ, ಹಿಂದಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟಿದ್ದರು. ದೇವನಾಗರಿಯ ಸಂಯುಕ್ತಾಕ್ಷರ ಬಹುಮಟ್ಟಿಗೆ ಅಕ್ಕಪಕ್ಕ ಕೂರುತ್ತದೆ; ನಮ್ಮ ಒತ್ತು ಕೆಳಗಿಳಿಯುತ್ತದೆ. ‘ರಾತ್ರಿ’ಯ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಂಡಿತ್ತು. ಅಕ್ಷರ ತೀರಾ ಸಣ್ಣದಾದರೆ ಇನ್ನೊಂದು ಕಾಟ: ‘ಧ’ದ ಸೀಳು ಶಾಯಿಯಲ್ಲಿ ಮುಚ್ಚಿ ‘ದ’ ಆಗುತ್ತದೆ, ‘ಫ’ ‘ಪ’ ಆಗುತ್ತದೆ. ನಮ್ಮ ಎಷ್ಟೋ ಮಹಾಪ್ರಾಣಗಳು ನಿಂತಿರುವುದು ಒಂದು ಕೂದಲೆಳೆಯಷ್ಟು ಗೆರೆಯ ಮೇಲೆ. ಚೀಟಿ ಓದಬೇಕಾದವರು ಕನ್ನಡಕ ಹಾಕಿಕೊಂಡ ಹಿರಿಯರು.

ಕನ್ನಡ ಲಿಪಿಯೇ ತೊಡಕಿನದು ಎಂಬ ಉತ್ತರ ಸಿಕ್ಕಿತು. ಹಾಗಾದರೆ ಮಂಗಳೂರನ್ನು ನೆನೆಯಬೇಕು. ಬಾಸೆಲ್ ಮಿಷನ್ ಮುದ್ರಣಾಲಯ ಅಲ್ಲಿ 1841ರಲ್ಲಿ ಶುರುವಾಯಿತು. 1843ರಲ್ಲಿ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಕೈಬರಹ ಇದ್ದ ಹಾಗೇ ಮೂಡುತ್ತದೆ, ಒತ್ತು ಎಷ್ಟು ಬೇಕಾದರೂ ಇಳಿಯಬಹುದು. ಅಚ್ಚಿನ ಮೊಳೆಗೆ ಆ ಸಲಿಗೆಯಿಲ್ಲ. ಒತ್ತಿಗೂ ಜಾಗ ಲೆಕ್ಕ ಹಾಕಿಯೇ ಎರಕ ಹೊಯ್ಯಬೇಕು. ಆದರೂ 1894ರ ಕಿಟೆಲ್ ನಿಘಂಟಿನ ಯಾವ ಪುಟವನ್ನಾದರೂ ತೆರೆದು ನೋಡಿ. ಕನ್ನಡವೂ ರೋಮನ್ ಅಕ್ಷರವೂ ಒಂದೇ ಸಾಲಿನಲ್ಲಿ ಒಂದನ್ನೊಂದು ತುಳಿಯದೆ ನಿಂತಿವೆ. ಸೀಸದಲ್ಲಿ ಆದದ್ದು ಕಂಪ್ಯೂಟರಿನಲ್ಲಿ ಆಗುವುದಿಲ್ಲವೇ?

ಮುಂಬಯಿಯವರಂತೂ ಈ ನೆಪ ಹೇಳುವಂತಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ಕನ್ನಡ ಫಾಂಟ್ ‘ತುಂಗಾ’ ರೂಪುಗೊಂಡದ್ದು ಇಲ್ಲಿನ ಆರ್.ಕೆ. ಜೋಶಿ ಅವರ ನಿರ್ದೇಶನದಲ್ಲಿ. ಅವರು ಮರಾಠಿ ಕವಿ, ಕ್ಯಾಲಿಗ್ರಫಿ ಕಲಾವಿದ. ಮುಂಬಯಿಯದೇ ‘ಏಕ್ ಟೈಪ್’ ತಂಡದ ‘ಬಲೂ ತಮ್ಮ’, ‘ಅನೇಕ್ ಕನ್ನಡ’ ಇಂದು ಪುಕ್ಕಟೆ ಸಿಗುತ್ತವೆ. ಫಾಂಟಿಗೆ ಬರವಿಲ್ಲ, ನೋಡುವ ಕಣ್ಣಿಗೆ ಬರ. (ಕಳಂಬೋಲಿಯ ಉಕ್ಕಿನ ಮಾರುಕಟ್ಟೆಗೆ ಬರುವ ಕರ್ನಾಟಕದ ಲಾರಿಗಳ ಹಿಂದಿನ ಬರಹವನ್ನು ನಾನು ಆಟೋದಲ್ಲಿ ಕೂತೇ ಓದುತ್ತೇನೆ. ಪೇಂಟರ್‌ ಒತ್ತಿಗೆ ಮೊದಲೇ ಜಾಗ ಬಿಟ್ಟಿರುತ್ತಾನೆ.)

ನಾನು ಕೇಳುವುದು ಇಷ್ಟೇ. ಮರಾಠಿ, ಹಿಂದಿ, ಇಂಗ್ಲಿಷ್ ಜೊತೆ ಕನ್ನಡವೂ ಇರುವ ಪುಟದಲ್ಲಿ ಸಾಲಿನ ಅಂತರವನ್ನು ಮೊದಲು ಕನ್ನಡಕ್ಕೆ ನಿಗದಿ ಮಾಡಿ. ಉಳಿದವು ಅದರೊಳಗೆ ಆರಾಮಾಗಿ ಕೂರುತ್ತವೆ. ಅಚ್ಚಿಗೆ ಹೋಗುವ ಮುನ್ನ ಕೊನೆಯ ಕರಡು ಅನುವಾದಕರಿಗೆ ಬರಲಿ, ಆ ಒಂದು ಗಂಟೆಗೆ ಕೂಲಿಯೂ ಸಿಗಲಿ. ನನ್ನ ದರಪಟ್ಟಿಯಲ್ಲಿ ಈಗ ಅದಕ್ಕೊಂದು ಸಾಲು ಸೇರಿಸಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಚೌಕಾಸಿ ಮಾಡುತ್ತಿದ್ದಾರೆ.